ರಿಮ್ಯಾಪ್ ಮಾಡಿಸಿದರೆ ಗಾಡಿ ಘಟ್ಟ ಹತ್ತೋದು ಸಲೀಸಾ? ಫಾರ್ವರ್ಡ್ ಹೇಳದ ಲೆಕ್ಕ ಇಲ್ಲಿದೆ

ಹಳೆಯ ಡೀಸೆಲ್ ಸ್ವಿಫ್ಟ್, ಡಿಜೈರ್, ಎರ್ಟಿಗಾ ಇರುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಆಗಾಗ ಬರುತ್ತದೆ. ಕೆಲವು ಸಾವಿರ ರೂಪಾಯಿ ಕೊಟ್ಟರೆ ಸಾಕು, ಲ್ಯಾಪ್‌ಟಾಪ್ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಎಂಜಿನ್ ಶಕ್ತಿ ಶೇ. 30ರಷ್ಟು ಹೆಚ್ಚು ಮಾಡಿಕೊಡುತ್ತಾರೆ, ಮೈಲೇಜೂ ಏರುತ್ತದೆ, ಎಂಜಿನ್‌ಗೆ ಏನೂ ಆಗುವುದಿಲ್ಲ, ಘಟ್ಟದಲ್ಲಿ ಇನ್ನು ಯಾರೂ ನಿಮ್ಮನ್ನು ಹಿಂದೆ ಹಾಕಲಾರರು. ಜೊತೆಗೆ ಒಂದು ವಿಡಿಯೋ. ರೋಲರ್ ಮೇಲೆ ನಿಂತ ಕಾರು, ಭರ್ರನೆ ಶಬ್ದ, ಪರದೆ ಮೇಲೆ ಏರುವ ಗೆರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದು ಇಷ್ಟವಾಗುವುದಕ್ಕೆ ಕಾರಣ ಇದೆ. ಕುಮಟೆಗೆ ಹೋಗಬೇಕೆಂದರೆ ದೇವಿಮನೆ ಘಟ್ಟ, ಅಂಕೋಲೆಗೆ ಅರಬೈಲ್ ಘಟ್ಟ. ಆಸ್ಪತ್ರೆಗೋ ಮದುವೆಗೋ ರೈಲು ಹಿಡಿಯುವುದಕ್ಕೋ ಇಳಿಯಲೇಬೇಕು, ಇಳಿದ ಮೇಲೆ ಹತ್ತಲೇಬೇಕು. ಐದು ಜನ ಕೂತ ಗಾಡಿ ತಿರುವಿನಲ್ಲಿ ಏದುಸಿರು ಬಿಟ್ಟಾಗ ‘ಇದಕ್ಕೆ ಪಿಕಪ್ ಇಲ್ಲ’ ಅನ್ನಿಸುವುದು ಸಹಜ.

ಹಾಗಾದರೆ ಸಂದೇಶ ಸುಳ್ಳೇ? ಪೂರ್ತಿ ಸುಳ್ಳಲ್ಲ. ಟರ್ಬೊ ಇರುವ ಎಂಜಿನ್‌ನಲ್ಲಿ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಬಹುದು, ಅದು ನಿಜ. ಆದರೆ ಆ ಶಕ್ತಿ ಎಲ್ಲಿಂದ ಬರುತ್ತದೆ, ಘಟ್ಟದಲ್ಲಿ ಅದು ಕೈಗೆ ಸಿಗುತ್ತದೆಯೇ, ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬ ಮೂರು ಮಾತು ಸಂದೇಶದಲ್ಲಿ ಇರುವುದಿಲ್ಲ.

ಘಟ್ಟ ಹತ್ತಲು ಎಷ್ಟು ಶಕ್ತಿ ಬೇಕು?

ಒಂದು ಲೆಕ್ಕ ಹಾಕೋಣ. ನಾಲ್ಕು ಜನ, ಒಂದಿಷ್ಟು ಸಾಮಾನು ಸೇರಿ ಕಾರಿನ ತೂಕ 1,300 ಕಿಲೊ ಎಂದುಕೊಳ್ಳಿ. ದಾರಿ ಪ್ರತಿ 100 ಮೀಟರಿಗೆ 7 ಮೀಟರ್ ಏರುತ್ತಿದೆ. ವೇಗ ಗಂಟೆಗೆ 40 ಕಿಮೀ. ಆಗ ಗಾಡಿ ಪ್ರತಿ ಸೆಕೆಂಡಿಗೆ ಸುಮಾರು 78 ಸೆಂಟಿಮೀಟರ್ ಮೇಲಕ್ಕೆ ಏರುತ್ತದೆ. ಅಷ್ಟು ಭಾರವನ್ನು ಅಷ್ಟು ಬೇಗ ಎತ್ತಲು ಹತ್ತಿರ ಹತ್ತಿರ 10 ಕಿಲೊವ್ಯಾಟ್ ಬೇಕು. ಟೈರಿನ ತಿಕ್ಕಾಟ, ಎದುರು ಗಾಳಿ, ಗೇರ್‌ಬಾಕ್ಸಿನಲ್ಲಿ ಸೋರಿಹೋಗುವುದು ಎಲ್ಲ ಸೇರಿಸಿದರೆ ಎಂಜಿನ್ ಕೊಡಬೇಕಾದದ್ದು ಸುಮಾರು 20 ಪಿಎಸ್. ತೋಟದ 5 ಎಚ್‌ಪಿ ಪಂಪ್‌ಸೆಟ್ ನಾಲ್ಕನ್ನು ಒಟ್ಟಿಗೆ ಓಡಿಸಿದಷ್ಟು.

ನಿಮ್ಮ ಡೀಸೆಲ್ ಸ್ವಿಫ್ಟ್‌ನ ಎಂಜಿನ್ 75 ಪಿಎಸ್‌ನದು. ಅಂದರೆ ಹೀಗೆ ಹತ್ತುವಾಗ ಅದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಳಕೆಯಾಗುತ್ತಿದೆ. ಉಳಿದದ್ದು ಬಳಕೆಗೇ ಬಂದಿಲ್ಲ. ಗಂಟೆಗೆ 60 ಕಿಮೀ ವೇಗದಲ್ಲಿ ಹತ್ತಿದರೂ 32 ಪಿಎಸ್ ಆಸುಪಾಸು ಸಾಕು. ದೇವಿಮನೆಯ ತಿರುವುಗಳಲ್ಲಿ 60ರ ವೇಗ ಎಷ್ಟು ಹೊತ್ತು ಸಾಧ್ಯ ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಶಕ್ತಿ ಇಷ್ಟು ಬಾಕಿ ಇದ್ದರೂ ಗಾಡಿ ಏಕೆ ಒದ್ದಾಡುತ್ತದೆ? ಯಾಕೆಂದರೆ ಕಂಪನಿ ಹೇಳುವ 75 ಎಂಬುದು ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಸಿಗುವ ಶಕ್ತಿ. ಹೇರ್‌ಪಿನ್ ತಿರುವಿನಲ್ಲಿ ನಿಮ್ಮ ಎಂಜಿನ್ 4,000ದಲ್ಲಿ ಇರುವುದಿಲ್ಲ, 1,300ರಲ್ಲೋ 1,500ರಲ್ಲೋ ಇರುತ್ತದೆ.

ಇದನ್ನು ಯಾರು ಬೇಕಾದರೂ ಮೊಬೈಲ್‌ನ ಕ್ಯಾಲ್ಕುಲೇಟರಿನಲ್ಲಿ ನೋಡಬಹುದು. ಟಾರ್ಕ್ ಎಂದರೆ ಎಂಜಿನ್ ತಿರುಗಿಸುವ ಬಲ. ಅದನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಆ ಕ್ಷಣದ ಶಕ್ತಿ ಪಿಎಸ್ ಲೆಕ್ಕದಲ್ಲಿ ಸಿಗುತ್ತದೆ. ಡೀಸೆಲ್ ಸ್ವಿಫ್ಟ್ 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಲೆಕ್ಕ ಮಾಡಿ: 54 ಪಿಎಸ್. 2018ರ ಪೆಟ್ರೋಲ್ ಸ್ವಿಫ್ಟ್‌ನ ಗರಿಷ್ಠ ಶಕ್ತಿ 83 ಪಿಎಸ್, ಡೀಸೆಲ್‌ಗಿಂತ ಹೆಚ್ಚು. ಆದರೆ ಅದರ ಗರಿಷ್ಠ ಟಾರ್ಕ್ 113, ಅದೂ 4,200 ಆರ್‌ಪಿಎಂನಲ್ಲಿ. ಆ 113 ಪೂರ್ತಿಯಾಗಿ 2,000ದಲ್ಲೇ ಸಿಕ್ಕಿತು ಎಂದುಕೊಂಡರೂ 32 ಪಿಎಸ್ ದಾಟುವುದಿಲ್ಲ. ನಿಜದಲ್ಲಿ ಸಿಗುವುದು ಇನ್ನೂ ಕಡಿಮೆ. ಕಾಗದದಲ್ಲಿ ಗೆದ್ದ ಪೆಟ್ರೋಲ್ ಗಾಡಿ ಘಟ್ಟದಲ್ಲಿ ಡೀಸೆಲ್ ಹಿಂದೆ ಉಳಿಯುವುದು ಇದಕ್ಕೇ.

ತೋಟಕ್ಕೆ ಪಂಪ್ ತರುವವರು ಬರೀ ಎಚ್‌ಪಿ ನೋಡಿ ತರುವುದಿಲ್ಲ. ನೀರು ಎಷ್ಟು ಎತ್ತರಕ್ಕೆ ಏರಬೇಕು, ಪೈಪು ಎಷ್ಟು ದಪ್ಪ ಎಂದು ಕೇಳಿಯೇ ತರುತ್ತಾರೆ. ಕಾರಿನ ವಿಷಯ ಬಂದಾಗ ಮಾತ್ರ ಒಂದೇ ಒಂದು ಅಂಕಿ ನೋಡಿ ದುಡ್ಡು ಕೊಡುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ರಿಮ್ಯಾಪ್ ನಿಜವಾಗಿ ಏನು ಮಾಡುತ್ತದೆ?

ಎಂಜಿನ್‌ನೊಳಗೆ ಡೀಸೆಲ್ ಅಥವಾ ಪೆಟ್ರೋಲ್ ಉರಿಯಲು ಗಾಳಿ ಬೇಕು. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಇಂಧನ. ಬೇರೆ ಮಂತ್ರ ಇಲ್ಲ. ಗಾಡಿಯಲ್ಲಿರುವ ಇಸಿಯು ಎಂಬ ಸಣ್ಣ ಕಂಪ್ಯೂಟರ್ ಯಾವ ವೇಗಕ್ಕೆ ಎಷ್ಟು ಇಂಧನ, ಎಷ್ಟು ಟರ್ಬೊ ಒತ್ತಡ ಎಂಬ ಪಟ್ಟಿಗಳನ್ನು ಇಟ್ಟುಕೊಂಡಿರುತ್ತದೆ. ಆ ಪಟ್ಟಿಗಳನ್ನು ತಿದ್ದುವುದೇ ರಿಮ್ಯಾಪ್.

ಟರ್ಬೊ ಇದ್ದರೆ ಒತ್ತಡ ಏರಿಸಿ ಹೆಚ್ಚು ಗಾಳಿ ತುರುಕಬಹುದು. ಹಾಗಾಗಿ ಅಂಥ ಎಂಜಿನ್‌ಗಳಲ್ಲಿ ಫಲ ಕಾಣುತ್ತದೆ. ಟರ್ಬೊ ಇಲ್ಲದ ಸಾಧಾರಣ ಪೆಟ್ರೋಲ್ ಎಂಜಿನ್ ತಾನಾಗಿ ಎಳೆದುಕೊಂಡಷ್ಟೇ ಗಾಳಿ, ಸಾಫ್ಟ್‌ವೇರ್ ಹೊಸ ಗಾಳಿ ಹುಟ್ಟಿಸುವುದಿಲ್ಲ. ಆಲ್ಟೊ, ವ್ಯಾಗನ್ ಆರ್, ಪೆಟ್ರೋಲ್ ಸ್ವಿಫ್ಟ್‌ಗೆ ‘ಶೇ. 30 ಹೆಚ್ಚು ಪವರ್’ ಎಂದು ಹೇಳುವ ಸಂದೇಶವನ್ನು ಅಲ್ಲಿಗೇ ನಿಲ್ಲಿಸಬಹುದು. ಸಿಗುವುದು ಅಲ್ಪಸ್ವಲ್ಪ. ಹಲವು ಸಲ ಆಕ್ಸಿಲರೇಟರ್ ಒತ್ತಿದ ತಕ್ಷಣ ಥ್ರಾಟಲ್ ಬೇಗ ತೆರೆಯುವಂತೆ ಮಾಡಿರುತ್ತಾರೆ. ಗಾಡಿ ಚುರುಕಾಯಿತು ಅನ್ನಿಸುತ್ತದೆ, ಶಕ್ತಿ ಅಷ್ಟೇ ಇರುತ್ತದೆ.

ಇನ್ನೊಂದು ಜನಪ್ರಿಯ ವಾದ: ‘ಸ್ವಿಫ್ಟ್‌ನ 75 ಪಿಎಸ್ ಎಂಜಿನ್, ಎರ್ಟಿಗಾದ 90 ಪಿಎಸ್ ಎಂಜಿನ್ ಎರಡೂ ಒಂದೇ. ಕಂಪನಿ ಬೇಕೆಂದೇ ಸಾಫ್ಟ್‌ವೇರ್‌ನಲ್ಲಿ ಕಟ್ಟಿಹಾಕಿದೆ.’ ಅರ್ಧ ನಿಜ. ಎರಡೂ ಫಿಯೆಟ್ ವಿನ್ಯಾಸದ 1,248 ಸಿಸಿ ಮಲ್ಟಿಜೆಟ್ ಎಂಜಿನ್‌ಗಳೇ. ಆದರೆ 90 ಪಿಎಸ್‌ನದರಲ್ಲಿ ಟರ್ಬೊ ಬೇರೆ. ಅದರ ಒಳಗಿನ ರೆಕ್ಕೆಗಳು ಎಂಜಿನ್ ವೇಗಕ್ಕೆ ತಕ್ಕಂತೆ ಓರೆಯಾಗುತ್ತವೆ; 75ರದ್ದರಲ್ಲಿ ಆ ಏರ್ಪಾಡು ಇಲ್ಲ. ವ್ಯತ್ಯಾಸ ಕಬ್ಬಿಣದಲ್ಲೇ ಇದೆ. ಅಷ್ಟಾಗಿಯೂ ಟಾರ್ಕ್ ಏರಿದ್ದು 190ರಿಂದ 200ಕ್ಕೆ ಮಾತ್ರ ಎಂಬುದನ್ನು ಗಮನಿಸಿ. ಕಂಪನಿಯ ಎಂಜಿನಿಯರುಗಳೇ ಹೊಸ ಟರ್ಬೊ ಹಾಕಿ ಹತ್ತೇ ನ್ಯೂಟನ್ ಮೀಟರ್ ಏರಿಸಿದ ಕಡೆ, ಯಾರಾದರೂ ಅರ್ಧ ಗಂಟೆಯಲ್ಲಿ ಐವತ್ತು ಏರಿಸುತ್ತೇನೆ ಎಂದರೆ, ಉಳಿದ ನಲವತ್ತು ಯಾವುದರ ಆಯಸ್ಸಿನಿಂದ ಬರುತ್ತಿದೆ ಎಂದು ಕೇಳಬೇಕು.

ಘಟ್ಟದವರಿಗೆ ಮುಖ್ಯವಾದ ಮಾತು ಇದು. ಟರ್ಬೊ ತಿರುಗುವುದು ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದ. 1,300–1,500 ಆರ್‌ಪಿಎಂನಲ್ಲಿ ಆ ರಭಸವೇ ಸಾಲದು. ಟರ್ಬೊ ಎದ್ದ ಮೇಲೆ ರಿಮ್ಯಾಪ್ ಅದಕ್ಕೆ ಇನ್ನಷ್ಟು ಒತ್ತಡ ಕೊಡಬಲ್ಲದು. ಮಲಗಿದ ಟರ್ಬೊವನ್ನು ಎಬ್ಬಿಸಲಾರದು. ತಿರುವಿನಲ್ಲಿ ಗಾಡಿ ಸತ್ತಂತಾಗಿ, ಅರ್ಧ ಕ್ಲಚ್ ಒತ್ತಿ, ಆಮೇಲೆ ಒಮ್ಮೆಲೇ ನುಗ್ಗುವ ಸಮಸ್ಯೆ ಹಾಗೇ ಉಳಿಯುತ್ತದೆ. ನುಗ್ಗುವುದು ಮಾತ್ರ ಮೊದಲಿಗಿಂತ ಜೋರಾಗುತ್ತದೆ. ಮಳೆಗಾಲದಲ್ಲಿ, ಪಾಚಿ ಕಟ್ಟಿದ ತಿರುವಿನಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿರುವಾಗ ಹೀಗೆ ನುಗ್ಗಿದರೆ ಮುಂದಿನ ಚಕ್ರ ಜಾರುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರದ ಹಿಡಿತ ಮೊದಲೇ ಕಡಿಮೆಯಾಗಿರುತ್ತದೆ.

ಇದಕ್ಕೆ ದುಡ್ಡಿಲ್ಲದ ಮದ್ದು ಇದೆ: ತಿರುವಿಗೆ ಮೊದಲೇ ಒಂದು ಗೇರ್ ಇಳಿಸುವುದು. ಎರಡನೇ ಗೇರಿನಲ್ಲಿ 1,400 ಇದ್ದದ್ದು ಮೊದಲನೆಯದಕ್ಕೆ ಇಳಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟಾಗಿ ಟರ್ಬೊ ಎಚ್ಚರವಾಗಿಯೇ ಇರುತ್ತದೆ. ‘ಎಂಜಿನ್ ಕಿರುಚುತ್ತದೆ, ಹಾಳಾಗುತ್ತದೆ’ ಎಂದು ಹೆದರಿ ಮೇಲಿನ ಗೇರಿನಲ್ಲೇ ಎಳೆಸುವವರು ಬಹಳ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಎಳೆಸುವುದೇ ಎಂಜಿನ್‌ಗೆ ಹೆಚ್ಚು ಕಷ್ಟ. 2,500ರಲ್ಲಿ ಅದಕ್ಕೆ ಏನೂ ಆಗುವುದಿಲ್ಲ.

ಅಂದ ಹಾಗೆ, ಘಟ್ಟದ ಮೇಲೆ ಗಾಳಿ ತೆಳು, ಅದಕ್ಕೇ ಪಿಕಪ್ ಇಲ್ಲ ಎಂಬ ಮಾತೂ ಇದೆ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 6ರಷ್ಟು ಕಡಿಮೆ, ಅಷ್ಟೆ. ಟರ್ಬೊ ಗಾಡಿಗೆ ಅದು ತಿಳಿಯುವುದೂ ಇಲ್ಲ.

ಮೈಲೇಜ್ ಏರುತ್ತದೆ ಎಂಬುದರ ಗುಟ್ಟು

ರಿಮ್ಯಾಪ್ ಮಾಡಿಸಿದ ಎಷ್ಟೋ ಜನ ಪ್ರಾಮಾಣಿಕವಾಗಿಯೇ ಹೇಳುತ್ತಾರೆ: ಡ್ಯಾಶ್‌ಬೋರ್ಡ್‌ನಲ್ಲಿ ಮೊದಲು 20 ತೋರಿಸುತ್ತಿತ್ತು, ಈಗ 23 ತೋರಿಸುತ್ತಿದೆ. ಅವರು ಸುಳ್ಳು ಹೇಳುತ್ತಿಲ್ಲ. ಡ್ಯಾಶ್‌ಬೋರ್ಡ್ ಹೇಳುತ್ತಿರಬಹುದು.

ಗಾಡಿಯಲ್ಲಿ ಇಂಧನ ಅಳೆಯುವ ಮೀಟರು ಇರುವುದಿಲ್ಲ. ಇಂಜೆಕ್ಟರುಗಳನ್ನು ಎಷ್ಟು ಹೊತ್ತು, ಎಷ್ಟು ಒತ್ತಡದಲ್ಲಿ ತೆರೆದೆ ಎಂಬ ಲೆಕ್ಕದಿಂದ ಇಸಿಯು ‘ಇಷ್ಟು ಡೀಸೆಲ್ ಹೋಯಿತು’ ಎಂದು ಅಂದಾಜು ಮಾಡುತ್ತದೆ. ಟ್ಯೂನಿಂಗ್ ಬಾಕ್ಸ್ ಎಂದು ಮಾರುವ ಸಣ್ಣ ಡಬ್ಬಿಗಳು ಮಾಡುವ ಕೆಲಸವೇನು ಗೊತ್ತೇ? ಡೀಸೆಲ್ ಪೈಪಿನ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳುತ್ತವೆ. ಅದು ನಂಬಿ ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಹೋಗುತ್ತದೆ, ಶಕ್ತಿ ಏರುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಹಳೆಯ ಒತ್ತಡವೇ ಇರುವುದರಿಂದ ಕಡಿಮೆ ಡೀಸೆಲ್ ಹೋಯಿತು ಎಂದೇ ಬರೆದುಕೊಳ್ಳುತ್ತದೆ. ಪರದೆ ಮೇಲೆ ಮೈಲೇಜ್ ಏರುತ್ತದೆ, ಬಂಕಿನಲ್ಲಿ ಏರುವುದಿಲ್ಲ. ರಿಮ್ಯಾಪ್‌ನಲ್ಲೂ ಪಟ್ಟಿಗಳನ್ನು ತಿದ್ದಿದ ರೀತಿಯಿಂದ ಇಂಥ ತಪ್ಪು ಲೆಕ್ಕ ಬರಬಹುದು.

ಪರೀಕ್ಷೆ ಸುಲಭ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ನಾಲ್ಕೈದು ನೂರು ಕಿಲೊಮೀಟರ್ ಓಡಿಸಿ ಅಲ್ಲೇ ಮತ್ತೆ ತುಂಬಿಸಿ ಭಾಗಿಸಿ. ಮೂರು ಸಲ ಮಾಡಿ. ‘ಮೈಲೇಜ್ ಹೆಚ್ಚಾಯಿತು’ ಎನ್ನುವವರನ್ನು ಈ ಲೆಕ್ಕ ಕೇಳಿ. ಪರದೆಯ ಫೋಟೊ ಕಳಿಸಿದರೆ ಅದು ಲೆಕ್ಕಕ್ಕಿಲ್ಲ.

ರೋಲರ್ ಮೇಲಿನ ಹದಿನೈದು ಸೆಕೆಂಡು, ಘಟ್ಟದ ಹತ್ತು ನಿಮಿಷ

ವಿಡಿಯೋದಲ್ಲಿ ಕಾಣುವ ರೋಲರ್ ಯಂತ್ರಕ್ಕೆ ಡೈನೊ ಎನ್ನುತ್ತಾರೆ. ಶಕ್ತಿ ಅಳೆಯುವ ಯಂತ್ರ, ಅದರಲ್ಲಿ ಮೋಸ ಇಲ್ಲ. ಆದರೆ ಅಲ್ಲಿ ಒಂದು ಓಟ ಹತ್ತು ಹದಿನೈದು ಸೆಕೆಂಡಿನದು, ಎದುರಿಗೆ ದೊಡ್ಡ ಫ್ಯಾನ್ ಬೇರೆ. ಆಮೇಲೆ ಎಂಜಿನ್ ತಣ್ಣಗಾಗುತ್ತದೆ.

500 ಮೀಟರ್ ಎತ್ತರವನ್ನು ಮೇಲೆ ಹೇಳಿದ ಏರಿನಲ್ಲಿ 40ರ ವೇಗದಲ್ಲಿ ಹತ್ತಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಏಪ್ರಿಲ್ ಮಧ್ಯಾಹ್ನ, ಎಸಿ ಹಾಕಿದೆ, ಮುಂದೆ ಲಾರಿ, ವೇಗ ಇಲ್ಲದ್ದರಿಂದ ರೇಡಿಯೇಟರಿಗೆ ಗಾಳಿಯೂ ಕಡಿಮೆ. ಸುಮ್ಮನೆ ಓಡಿಸಿದರೆ ಹೆಚ್ಚುವರಿ ಶಕ್ತಿ ಬಳಕೆಗೇ ಬರುವುದಿಲ್ಲ. ಕೊಟ್ಟ ದುಡ್ಡು ದಂಡ. ಬಳಸಿದರೆ, ಒಂದಾದ ಮೇಲೊಂದು ಗಾಡಿ ಹಿಂದೆ ಹಾಕುತ್ತ ಹತ್ತಿದರೆ, ಟರ್ಬೊ ಮತ್ತು ಪಿಸ್ಟನ್‌ಗಳು ಕಂಪನಿ ಇಟ್ಟ ಮಿತಿಗಿಂತ ಹೆಚ್ಚಿನ ಬಿಸಿಯಲ್ಲಿ ನಿಮಿಷಗಟ್ಟಲೆ ದುಡಿಯುತ್ತವೆ. ಕಂಪನಿ ಆ ಮಿತಿಯನ್ನು ಕೆಟ್ಟ ಡೀಸೆಲ್, ತಡವಾದ ಆಯಿಲ್ ಬದಲಾವಣೆ, ಮೇ ತಿಂಗಳ ಬಿಸಿಲು ಎಲ್ಲವನ್ನೂ ಲೆಕ್ಕ ಹಿಡಿದು ಇಟ್ಟಿರುತ್ತದೆ. ಟ್ಯೂನರ್ ಕೊಡುವ ಶಕ್ತಿ ಬರುವುದು ಆ ಬಿಟ್ಟ ಜಾಗದಿಂದಲೇ.

ಮೊದಲು ಸೋಲುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಕ್ಲಚ್. 190ಕ್ಕೆಂದು ಮಾಡಿದ ಕ್ಲಚ್, ಲಕ್ಷ ಕಿಲೊಮೀಟರ್ ಓಡಿ ಸವೆದದ್ದು, ಏರಿನಲ್ಲಿ 240 ಹಿಡಿಯಬೇಕಾದರೆ ಜಾರುತ್ತದೆ. ಸುಟ್ಟ ವಾಸನೆ ಬರುತ್ತದೆ, ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯಂಥ ಗಾಡಿಗಳ ಏಳು ಗೇರಿನ ಒಣ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಗರಿಷ್ಠ 250 ನ್ಯೂಟನ್ ಮೀಟರಿಗೆಂದು ವಿನ್ಯಾಸ ಮಾಡಿದ್ದು. ಕಾರು ಬರುವುದು 175ರೊಂದಿಗೆ. ರಿಮ್ಯಾಪ್ ಮಾಡಿಸಿದವರು ಆ 250ರ ಹತ್ತಿರ ಹತ್ತಿರ ಹೋಗುತ್ತಾರೆ. ಮೇಲಿಂದ ಘಟ್ಟದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಡುವ ಬಿಸಿ ಬೇರೆ. ಟ್ಯೂನರ್ ಎಂಜಿನ್ ನೋಡಿದ, ಸರಿ. ಗೇರ್‌ಬಾಕ್ಸ್ ನೋಡಿದನೇ?

ಫಿಲ್ಟರ್, ಸೈಲೆನ್ಸರ್, ದುಬಾರಿ ಪೆಟ್ರೋಲ್

ಇವು ಮೂರೂ ಫಾರ್ವರ್ಡ್‌ಗಳ ಖಾಯಂ ಅತಿಥಿಗಳು. ಕೋನ್ ಆಕಾರದ ‘ಪರ್ಫಾರ್ಮೆನ್ಸ್’ ಏರ್ ಫಿಲ್ಟರ್ ಹಾಕಿದರೆ ಶಬ್ದ ಚೆನ್ನಾಗಿ ಬರುತ್ತದೆ. ಆದರೆ ಅದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಂಡರೆ ನಷ್ಟ: 30 ಡಿಗ್ರಿಯ ಬದಲು 60 ಡಿಗ್ರಿಯ ಗಾಳಿ ಒಳಹೋದರೆ ಅದರಲ್ಲಿ ಆಮ್ಲಜನಕ ಶೇ. 9ರಷ್ಟು ಕಡಿಮೆ. ತಣ್ಣನೆಯ ಗಾಳಿಗೆಂದು ಪೈಪನ್ನು ಬಂಪರಿನ ಕೆಳಗೆ ಇಳಿಸಿದರೆ ಜುಲೈ ತಿಂಗಳಲ್ಲಿ ಇನ್ನೊಂದು ಕಥೆ. ರಸ್ತೆ ಮೇಲೆ ಹರಿಯುವ ನೀರು ಒಳಹೋದರೆ ಪಿಸ್ಟನ್ ಅದನ್ನು ಒತ್ತಲಾರದು, ನೀರು ಕುಗ್ಗುವುದಿಲ್ಲ; ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪನಿಯವರು ಗಾಳಿಯ ಬಾಯಿಯನ್ನು ಎತ್ತರದಲ್ಲಿಟ್ಟದ್ದು ಸುಮ್ಮನೆ ಅಲ್ಲ.

ದೊಡ್ಡ ಕೊಳವೆಯ ಸೈಲೆನ್ಸರ್ ಟರ್ಬೊ ಇಲ್ಲದ ಗಾಡಿಯಲ್ಲಿ ಮೇಲಿನ ಆರ್‌ಪಿಎಂನಲ್ಲಿ ಒಂದಿಷ್ಟು ಕೊಟ್ಟರೂ ಕೆಳಗಿನ ಆರ್‌ಪಿಎಂನಲ್ಲಿ ಕಿತ್ತುಕೊಳ್ಳುವ ಸಂಭವವೇ ಹೆಚ್ಚು. ಕೊಳವೆ ಅಗಲವಾದರೆ ಹೊಗೆಯ ವೇಗ ಇಳಿಯುತ್ತದೆ. ಉರಿದ ಗಾಳಿಯನ್ನು ಸಿಲಿಂಡರಿನಿಂದ ಸೆಳೆದು ಹೊರಹಾಕುವ ಕೆಲಸ ನಿಧಾನಿಸುತ್ತದೆ. ಘಟ್ಟಕ್ಕೆ ಬೇಕಾದದ್ದು ಕೆಳಗಿನದೇ ಅಲ್ಲವೇ? ಉಳಿಯುವುದು ಶಬ್ದ. ಶಬ್ದ ಹೆಚ್ಚಾದಾಗ ವೇಗವೂ ಹೆಚ್ಚಾಯಿತು ಎಂದು ಕಿವಿ ನಂಬುತ್ತದೆ.

ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಥರದ ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್‌ನಲ್ಲಿ ಹೆಚ್ಚು ಶಕ್ತಿ ತುಂಬಿರುವುದಿಲ್ಲ. ಆಕ್ಟೇನ್ ಹೇಳುವುದು ಒತ್ತಡ ಬಿದ್ದಾಗ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು. ಅದನ್ನೇ ನಂಬಿ ರಿಮ್ಯಾಪ್ ಮಾಡಿದ ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಅದು ಬೇಕು. ಸಾಧಾರಣ ಗಾಡಿಗೆ ಹಾಕಿದರೆ ಜೇಬು ಹಗುರವಾಗುತ್ತದೆ, ಅಷ್ಟೆ. ಅಂಥ ರಿಮ್ಯಾಪ್ ಮಾಡಿಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ನಾನು ದಿನಾ ಪೆಟ್ರೋಲ್ ಹಾಕಿಸುವ ಬಂಕಿನಲ್ಲಿ ಅದು ಸಿಗುತ್ತದೆಯೇ? ಸಿಗದ ದಿನ ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕಿ ಘಟ್ಟ ಹತ್ತಿದರೆ ಎಂಜಿನ್ ಒಳಗಿಂದ ಕಟಕಟ ಸದ್ದು ಬರುತ್ತದೆ. ಅದು ಪಿಸ್ಟನ್‌ಗೆ ಬೀಳುತ್ತಿರುವ ಪೆಟ್ಟು.

ಕೆಎ-31 ಬೋರ್ಡಿನ ಗಾಡಿಗೆ ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಕಲಂ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಪ್ರತಿ ಬದಲಾವಣೆಗೆ’ ಎಂಬುದನ್ನು ಗಮನಿಸಿ. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ 190(2)ರ ಅಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಸಾಧ್ಯ. ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಎಂಜಿನ್ ಬದಲಿಸುವುದಿದ್ದರೆ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಿಸಲೇಬೇಕು.

‘ಸಾಫ್ಟ್‌ವೇರ್ ಕಣ್ಣಿಗೆ ಕಾಣುವುದಿಲ್ಲ, ಪೊಲೀಸರಿಗೆ ಹೇಗೆ ಗೊತ್ತಾಗುತ್ತದೆ’ ಎಂಬ ವಾದ ಇದೆ. ರಸ್ತೆಬದಿಯಲ್ಲಿ ಗೊತ್ತಾಗದೆ ಇರಬಹುದು. ಚಿಂತೆ ಅದಲ್ಲ, ಇನ್ಶೂರೆನ್ಸ್. ಗಾಡಿಯಲ್ಲಿ ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದೆ ಇದ್ದರೆ ದೊಡ್ಡ ಅಪಘಾತದ ಹೊತ್ತಿನಲ್ಲಿ ಕ್ಲೇಮಿಗೆ ತಕರಾರು ತೆಗೆಯಲು ಅವರಿಗೆ ಕಾರಣ ಸಿಗುತ್ತದೆ. ವಾರಂಟಿ ಇರುವ ಗಾಡಿಯಾದರೆ ಅದೂ ಹೋಗುತ್ತದೆ. ಸರ್ವೀಸ್ ಸೆಂಟರಿನ ಕಂಪ್ಯೂಟರಿಗೆ ಇಸಿಯು ತಿದ್ದಿದ್ದನ್ನು ಪತ್ತೆ ಹಚ್ಚುವುದು ಹಲವು ಗಾಡಿಗಳಲ್ಲಿ ಕಷ್ಟವೇನಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಮಾರುತಿ ಡೀಸೆಲ್ ಗಾಡಿ ಮಾರುವುದನ್ನು 2020ರ ಏಪ್ರಿಲ್‌ಗೆ ನಿಲ್ಲಿಸಿತು. ಈಗ ರಸ್ತೆಯಲ್ಲಿರುವ ಡೀಸೆಲ್ ಸ್ವಿಫ್ಟ್‌ಗಳೆಲ್ಲ ವಯಸ್ಸಾದವು. ಅವುಗಳಲ್ಲಿ ಎಷ್ಟೋ ಗಾಡಿಗಳು 75 ಪಿಎಸ್ ಕೊಡುವುದೇ ಇಲ್ಲ. ಟರ್ಬೊದಿಂದ ಎಂಜಿನ್‌ಗೆ ಬರುವ ರಬ್ಬರ್ ಹೋಸಿನಲ್ಲಿ ಸಣ್ಣ ಬಿರುಕು, ಇಜಿಆರ್ ವಾಲ್ವಿನಲ್ಲಿ ಕಟ್ಟಿದ ಮಸಿ, ಧೂಳು ತುಂಬಿದ ಏರ್ ಫಿಲ್ಟರ್, ಸರಿಯಾಗಿ ಸಿಂಪಡಿಸದ ಇಂಜೆಕ್ಟರ್, ಬಿಡದೆ ಹಿಡಿದುಕೊಂಡಿರುವ ಬ್ರೇಕ್, ಇವುಗಳಲ್ಲಿ ಯಾವುದಾದರೂ ಒಂದೇ ಸಾಕು ಪಿಕಪ್ ಕದಿಯಲು. ಹಾಗಾಗಿ ನಮ್ಮ ಪ್ರಕಾರ ಘಟ್ಟದ ಗಾಡಿಗೆ ಮೊದಲ ‘ಬಿಲ್ಡ್’ ಎಂದರೆ ಕಳೆದುಹೋದ ಶಕ್ತಿಯನ್ನು ವಾಪಸ್ ತರುವುದು. ಒಳ್ಳೆಯ ಮೆಕ್ಯಾನಿಕ್ ಹತ್ತಿರ ಕಂಪ್ರೆಶನ್ ಪರೀಕ್ಷೆ, ಇಂಜೆಕ್ಟರ್ ಪರೀಕ್ಷೆ, ಹೋಸುಗಳ ತಪಾಸಣೆ ಮಾಡಿಸಿ. ಕಂಪ್ರೆಶನ್ ಕಡಿಮೆ ಇರುವ ಎಂಜಿನ್ ಮೇಲೆ ರಿಮ್ಯಾಪ್ ಹಾಕುವವರು ನಿಮ್ಮ ಗಾಡಿಯ ಹಿತ ನೋಡುತ್ತಿಲ್ಲ. ಈ ಪರೀಕ್ಷೆ ಕೇಳದೆ ಲ್ಯಾಪ್‌ಟಾಪ್ ತೆಗೆದರೆ ಎದ್ದು ಬನ್ನಿ.

ದೊಡ್ಡ ಅಲಾಯ್ ಚಕ್ರದ ಆಸೆಯೂ ಇಲ್ಲಿ ತಿರುಗಿ ಬೀಳುತ್ತದೆ. ಟೈರಿನ ಒಟ್ಟು ಎತ್ತರ ಶೇ. 5 ಹೆಚ್ಚಾದರೆ ರಸ್ತೆಗೆ ತಲುಪುವ ಎಳೆತ ಅಷ್ಟೇ ಶೇಕಡಾ ಕಡಿಮೆ. ರಿಮ್ ಬದಲಿಸಿದರೂ ಟೈರಿನ ಒಟ್ಟು ಎತ್ತರ ಮೊದಲಿನಷ್ಟೇ ಇರಲಿ. ಅದಕ್ಕಿಂತ ಮುಖ್ಯ ಟೈರಿನ ಗುಣ. ನಾವು ಕೇಳಿದರೆ ರಿಮ್ಯಾಪ್‌ಗೆ ಇಟ್ಟ ದುಡ್ಡಿನಲ್ಲಿ ಮಳೆಗಾಲಕ್ಕೆ ಮುಂಚೆ ನಾಲ್ಕು ಒಳ್ಳೆಯ ಟೈರು ಕೊಳ್ಳಿ ಎನ್ನುತ್ತೇವೆ.

ಇಷ್ಟಾದರೂ ವೇಗದ ಹುಚ್ಚು ಬಿಡದು ಎನ್ನುವವರಿಗೆ, ಅದು ತಪ್ಪೇನಲ್ಲ, ಜಾಗ ಬೇರೆ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇವೆ. ಕರ್ನಾಟಕದಲ್ಲೇ ಕೆ-1000 ರ‍್ಯಾಲಿ ನಡೆಸುವ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ. ಅಲ್ಲಿನ ಗಾಡಿಗಳಿಗೂ ಎಂಜಿನ್ ಬಿಲ್ಡ್ ಇರುತ್ತದೆ. ಜೊತೆಗೆ ಒಳಗೆ ಕಬ್ಬಿಣದ ಪಂಜರ, ಬೇರೆ ಬ್ರೇಕ್, ಹೆಲ್ಮೆಟ್, ಎದುರಿಂದ ಬಸ್ಸು ಬಾರದ ರಸ್ತೆ ಇರುತ್ತದೆ.

ಇಳಿಯುವ ಲೆಕ್ಕ

ಹತ್ತುವುದರ ಬಗ್ಗೆ ಇಷ್ಟು ಸಂದೇಶ ಬರುತ್ತದೆ, ಇಳಿಯುವುದರ ಬಗ್ಗೆ ಬರುವುದು ಒಂದೇ: ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ. ಇದು ಪೂರ್ತಿ ತಪ್ಪು, ಅಪಾಯ ಕೂಡ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇಂಧನ ಹಾಕುತ್ತಲೇ ಇರಬೇಕು. ಅಂದರೆ ಗೇರಿನಲ್ಲಿ ಇಳಿದರೇ ಉಳಿತಾಯ. ಎಂಜಿನ್ನೇ ಆಫ್ ಮಾಡಿ ಇಳಿದರೆ ಬ್ರೇಕಿಗೆ ಸಹಾಯ ಮಾಡುವ ನಿರ್ವಾತ ಕೆಲವು ಸಲ ಒತ್ತಿದ ಮೇಲೆ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ.

1,300 ಕಿಲೊ ಗಾಡಿ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 20 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಗೇರ್ ಇಳಿಸಿಕೊಂಡರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ. ಇಲ್ಲವಾದರೆ ಬಹುಪಾಲು ಬ್ರೇಕಿಗೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ಗುಣದ್ದು. ಡಾಟ್ 4 ಬಗೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಮಳೆಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕು. ಅದರ ಖರ್ಚು ರಿಮ್ಯಾಪ್‌ನ ಖರ್ಚಿನ ಮುಂದೆ ಏನೂ ಅಲ್ಲ.

ಇಳಿಯುವಾಗ ಪೆಡಲ್ ಮೆತ್ತಗಾಯಿತು ಅನ್ನಿಸಿದರೆ ಗೇರ್ ಒಂದೊಂದಾಗಿ ಇಳಿಸಿ, ಅಗಲ ಇರುವಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಕಾಯಿರಿ. ಬಿಸಿ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾದರೂ ನಿಧಾನವಾಗಿ, ಎರಡನೇ ಗೇರಿನಲ್ಲೇ ಹತ್ತಿರದ ಗ್ಯಾರೇಜಿಗೆ ಹೋಗಿ ಆಯಿಲ್ ಬದಲಿಸಿ. ಗಟ್ಟಿಯಾಗದೆ ಇದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಕರೆಸಿ.